ಲ್ಯಾಬ್‌ನ್ಯಾಗ ಮನುಷ್ಯರ ಕೊಬ್ಬು ಬೆಳಸೋದು ಹೆಂಗ

ಪುಣೆಗೆ ಪಿಎಚ್‌ಡಿಗೆ ಬಂದು, ಗೈಡ್ ಫ್ಯಾಟ್ ಸೆಲ್ (ಕೊಬ್ಬಿನ ಜೀವಕೋಶ) ಬೆಳಸು ಅಂದ ಕೂಡ್ಲೆ ತಲಿ ಮ್ಯಾಲೆ ಕೈ ಹೊತ್ತು ಕೂತ ನಮ್ ಕಡಿ ಹುಡುಗ್ರಿಗೆ ಇದು. ಮೊದಲನೇ ತಿಂಗಳು ಮನುಷ್ಯರ ಟಿಶ್ಯೂ ಮುಟ್ಟಬ್ಯಾಡ್ರಿ, 3ಟಿ3-ಎಲ್1 ಅಂತ ಇಲಿ ಸೆಲ್ ಲೈನ್ (ಲ್ಯಾಬ್‌ನ್ಯಾಗ ಬೆಳಸ್ಕೋತ ಬಂದಿರೋ ಸೆಲ್) ಐತಿ, ಅದರ ಮ್ಯಾಲೆ ಕೈ ಕುದುರಿಸ್ಕೊಳ್ರಿ.

ಹಂಗಾದ್ರ ಇಲಿದ ಸಾಕಲ್ಲ ಅಂತೀರಿ. ಸಾಲಂಗಿಲ್ಲ. ನಮ್ಮ ಪುಣೆ ಕೆಇಎಂ ಆಸ್ಪತ್ರಿ ಡಾ. ಯಾಜ್ಞಿಕ್ ಅವರು ಬ್ರಿಟನ್ನಿನ ಡಾ. ಯೂಡ್ಕಿನ್ ಜೋಡಿ ನಿಂತು ತಗಸಿದ ಫೋಟೋ 2004ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕಿನ್ಯಾಗ ಬಂತು, ಇಬ್ಬರದೂ ಬಿಎಂಐ (ಎತ್ತರಕ್ಕ ತೂಕದ ಲೆಕ್ಕ) 22.3, ಆದ್ರ ಯೂಡ್ಕಿನ್ ಮೈಯಾಗ ಕೊಬ್ಬು 9.1%, ಯಾಜ್ಞಿಕರದು 21.2%. ನೋಡಾಕ ಸಣಕಲ, ಒಳಗ ಕೊಬ್ಬು! ಇದನ್ನ ತಿಳ್ಕೊಳ್ಳಾಕ ನಮ್ಮ ಮಂದಿ ಕೊಬ್ಬೇ ಬೇಕು.

ಟಿಶ್ಯೂ ಸಿಗೋದು ಲೈಪೋಸಕ್ಷನ್ ಇಲ್ಲಾ ಬೊಜ್ಜಿನ ಆಪರೇಷನ್‌ದಾಗ. ಪರಿಚಯದ ಡಾಕ್ಟರ್ ಅದಾರ ಅಂತ ಡಬ್ಬಿ ಹಿಡ್ಕೊಂಡು ಹೋಗಬ್ಯಾಡ್ರಿ, ಮೊದ್ಲು ಎಥಿಕ್ಸ್ ಕಮಿಟಿ ಒಪ್ಪಿಗಿ, ಕೊಡೋರ ಸಹಿ, ಎಚ್‌ಐವಿ ಮತ್ತ ಹೆಪಟೈಟಿಸ್ ರಿಪೋರ್ಟ್. ತಂದ ದಿನಾನೇ ಕೆಲಸ ಮುಗಸ್ರಿ. ಮತ್ತ ಕೊಲಾಜಿನೇಸ್ (ಟಿಶ್ಯೂ ಬಿಡಿಸಿ ಸೆಲ್ ಬಿಡಿ ಮಾಡೋ ಎನ್ಝೈಮ್) ಕರಗಿಸಿ ಕಾಯ್ಕೋತ ಕೂಡಬ್ಯಾಡ್ರಿ, ಟಿಶ್ಯೂ ತರೋ ಗಾಡಿ ವಿದ್ಯಾಪೀಠ ಚೌಕ ದಾಟ್ತು ಅಂತ ಫೋನ್ ಬಂದ ಮ್ಯಾಲೆ ಕರಗಿಸ್ರಿ, ಆ ಚೌಕದ ಟ್ರಾಫಿಕ್ ನಂಬಿದ್ರ ಎನ್ಝೈಮ್ ಹಾಳು.

ರಕ್ತ ಹೋಗೋ ತನಕ ಬಫರ್‌ನ್ಯಾಗ (ಹದ ಮಾಡಿದ ಉಪ್ಪುನೀರು) ತೊಳದು, ಗಟ್ಟಿ ತುಂಡಿದ್ರ ಸಣ್ಣಗ ಹೆಚ್ಚಿ, 0.1% ಕೊಲಾಜಿನೇಸ್ ಹಾಕಿ 37 ಡಿಗ್ರಿಯಾಗ ಸುಮಾರು ಒಂದು ತಾಸು ಅಲ್ಲಾಡಸ್ರಿ, ಆಮ್ಯಾಲೆ ಸೀರಮ್ (ರಕ್ತದ ತಿಳಿ ಭಾಗ) ಇರೋ ಮೀಡಿಯಮ್, ಅಂದ್ರ ಸೆಲ್‌ಗೆ ಊಟ ಆಗೋ ದ್ರವ, ಹಾಕಿ ಎನ್ಝೈಮ್ ನಿಲ್ಲಿಸಿ, ಸೋಸಿ, 300 ಜಿಯಾಗ (ಭೂಮಿ ಸೆಳೆತದ 300 ಪಟ್ಟು) ಸೆಂಟ್ರಿಫ್ಯೂಜ್‌ದಾಗ ತಿರುಗಸ್ರಿ. ಬಲಿತ ಕೊಬ್ಬಿನ ಸೆಲ್ ಹಾಲಿನ ಕೆನಿ ಹಂಗ ಮ್ಯಾಲೆ ತೇಲ್ತಾವ. ಹೊಸಬರು ಅದನ್ನೇ ಆಸಿಯಿಂದ ತಗೀತಾರ, ಅವು ಮುಂದ ಒಂದು ಎರಡಾಗಿ ಹೆಚ್ಚಾಗಂಗಿಲ್ಲ. ನಮಗ ಬೇಕಾದ್ದು ತಳದಾಗಿನ ಗಸಿ. ಮುಂದ ಕೊಬ್ಬಿನ ಸೆಲ್ ಆಗೋ ಸ್ಟೆಮ್ ಸೆಲ್ ಇರೋದು ಅಲ್ಲೇ.

ಅದನ್ನ 10% ಸೀರಮ್ ಇರೋ ಮೀಡಿಯಮ್‌ನ್ಯಾಗ, 5% ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್‌ನ್ಯಾಗ ಇಡ್ರಿ, ಮರದಿನ ಅಂಟದೇ ಉಳಿದಿದ್ದನ್ನ ತೊಳದು ತಗೀರಿ. ನಾಕನೇ ಪ್ಯಾಸೇಜ್ (ತುಂಬಿದ ಪ್ಲೇಟಿಂದ ಹೊಸ ಪ್ಲೇಟಿಗೆ ಹಂಚೋದು) ಒಳಗ ಬಳಸ್ರಿ, ಹಳೇವು ಆದಂಗ ಕೊಬ್ಬಾಗೋ ತಾಕತ್ತು ಇಳೀತೈತಿ.

ಇನ್ನ ಮುಖ್ಯ ಭಾಗ. ಸೆಲ್ ಬೆಳದು ಪ್ಲೇಟ್ ತುಂಬ್ಲಿ, ತುಂಬಿದ ಮ್ಯಾಲೂ ಎರಡು ದಿನ ಬಿಡ್ರಿ, ಆಮ್ಯಾಲೆ ಸೆಲ್‌ನ್ನ ಕೊಬ್ಬಾಗಿಸೋ ಮಸಾಲಿ ಹಾಕ್ರಿ: ಇನ್ಸುಲಿನ್, ಡೆಕ್ಸಾಮೆಥಾಸೋನ್ 1 ಮೈಕ್ರೋಮೋಲಾರ್, ಐಬಿಎಂಎಕ್ಸ್ 0.5 ಮಿಲಿಮೋಲಾರ್, ಮತ್ತ ರೋಸಿಗ್ಲಿಟಾಝೋನ್ 1 ಮೈಕ್ರೋಮೋಲಾರ್. ಹೌದು, ಹಿಂದ ನಮ್ಮಲ್ಲಿ ಶುಗರ್‌ಗೆ ಕೊಡ್ತಿದ್ದ ಗುಳಗೀನೇ. ಕೊಬ್ಬಾಗು ಅಂತ ಸೆಲ್‌ಗೆ ಹೇಳೋ ಪಿಪಿಎಆರ್-ಗಾಮಾ ಸ್ವಿಚ್‌ನ್ನ ಅದೇ ಒತ್ತೋದು. ಕೆಲವು ದಿನಕ್ಕ ಐಬಿಎಂಎಕ್ಸ್, ರೋಸಿ ತಗದು ಇನ್ಸುಲಿನ್ ಮುಂದವರಸ್ರಿ. ವಾರದಾಗ ಸಣ್ಣ ಸಣ್ಣ ಎಣ್ಣಿ ಹನಿ ಕಾಣ್ತಾವ, ಎರಡು ವಾರಕ್ಕ ಮಸ್ತ್ ತುಂಬ್ತಾವ. ಗಣಪತಿ ಹಬ್ಬದ ಮುಂದ ಶುರು ಮಾಡೋರು ದಿನಾ ಎಣಿಸ್ಕೊಳ್ರಿ, ಮೀಡಿಯಮ್ ಬದಲಸೋ ದಿನಾನೇ ವಿಸರ್ಜನಿ ಬಂದು ಲಕ್ಷ್ಮೀ ರೋಡ್ ಕಡಿ ಸಿಕ್ಕೊಂಡ್ರ ಮುಗೀತು.

ಮೀಡಿಯಮ್ ಪೂರ್ತಿ ತಗೀಬ್ಯಾಡ್ರಿ, ಅರ್ಧ ತಗದು ಅರ್ಧ ಹಾಕ್ರಿ, ಗ್ವಾಡಿಗುಂಟ ಮೆಲ್ಲಕ. ನಾನು ಹತ್ತನೇ ದಿನ ಅವಸರ ಮಾಡಿ ಪಿಪೆಟ್ ಜೋರ್ ಒತ್ತಿದೆ, ಹಂಚಿನ ಮ್ಯಾಲಿನ ದ್ವಾಸಿ ಹಂಗ ಇಡೀ ಪದರ ಎದ್ದು ಬಂತು. ಎಣ್ಣಿ ತುಂಬಿದ ಸೆಲ್ ತೇಲಾಕೇ ನೋಡ್ತೈತಿ, ಅದರ ಗುಣಾನೇ ಅದು.

ಆಯಿಲ್ ರೆಡ್ ಓ ಅನ್ನೋ ಬಣ್ಣ ಹಾಕಿದ್ರ ಹನಿ ಕೆಂಪಗ ಆಗ್ತಾವ, ಆದ್ರ ಬಣ್ಣ ಸೋಸಿ ಹಾಕ್ರಿ, ಇಲ್ಲಾಂದ್ರ ಹರಳು ಕೂತು ಎಲ್ಲಾ ಕೊಬ್ಬೇ ಅನ್ನಿಸ್ತೈತಿ. ಕೆಂಪು ಫೋಟೋ ನೋಡಿ ಕುಣೀಬ್ಯಾಡ್ರಿ. ಕೊಬ್ಬು ಕರಗಿಸೋ ಐಸೋಪ್ರೊಟೆರೆನಾಲ್ ಕೊಟ್ಟಾಗ ಗ್ಲಿಸೆರಾಲ್ (ಕೊಬ್ಬು ಒಡದಾಗ ಬರೋದು) ಹೊರಗ ಬರ್ತೈತೇನು, ಇನ್ಸುಲಿನ್‌ಗೆ ಗ್ಲೂಕೋಸ್ ಒಳಗ ಎಳ್ಕೊಳ್ತೈತೇನು, ಮೀಡಿಯಮ್‌ನ್ಯಾಗ ಅಡಿಪೋನೆಕ್ಟಿನ್ (ಕೊಬ್ಬಿನ ಸೆಲ್ ಬಿಡೋ ಹಾರ್ಮೋನ್) ಐತೇನು, ಇದನ್ನ ನೋಡ್ರಿ. ಹೊಟ್ಟಿ ಒಳಗಿನ ಕೊಬ್ಬಿಂದ ತಗದ ಸೆಲ್ ಚರ್ಮದ ಕೆಳಗಿನವುಕ್ಕಿಂತ ಕಮ್ಮಿ ತುಂಬ್ತಾವ, ನಿಮ್ ಕೈ ತಪ್ಪು ಅಂತ ಅಳಬ್ಯಾಡ್ರಿ.

ಮೈಯಾಗಿನ ಕೊಬ್ಬಿನ ಸೆಲ್‌ಗೆ ಒಂದೇ ದೊಡ್ಡ ಹನಿ, ಪ್ಲೇಟ್‌ದಾಗ ನೂರೆಂಟು ಚಿಕ್ಕವು. ಅದರ ಸಮೀಪ ಹೋಗಬೇಕಂದ್ರ ಉಂಡಿ ಕಟ್ರಿ: ಗುಂಡು ತಳದ 96 ಗುಂಡಿ ಪ್ಲೇಟಿಗೆ ಅಗರೋಸ್ ಅನ್ನೋ ಜೆಲ್ ಬಳದ್ರ ಸೆಲ್ ತಳಕ್ಕ ಅಂಟಂಗಿಲ್ಲ, ಒಂದಕ್ಕೊಂದು ಹಿಡ್ಕೊಂಡು ಉಂಡಿ ಆಗ್ತಾವ, ತೇಲಿ ಹೋಗೋ ಕಾಟಾನೂ ಕಮ್ಮಿ. ರೊಕ್ಕ ಇದ್ದ ಲ್ಯಾಬ್‌ನೋರು ರೆಡಿ ಪ್ಲೇಟ್ ತರಸ್ತಾರ. ಉಂಡಿ ಬಾಳ ದೊಡ್ಡದು ಮಾಡಬ್ಯಾಡ್ರಿ, ನಡುವಿನವುಕ್ಕ ಆಕ್ಸಿಜನ್ ಮುಟ್ಟದೇ ಸಾಯ್ತಾವ.

ಉಳಿದ ಸ್ಟೆಮ್ ಸೆಲ್‌ನ್ನ 10% ಡಿಎಂಎಸ್‌ಒದಾಗ (ಹೆಪ್ಪುಗಟ್ಟುವಾಗ ಸೆಲ್ ಕಾಯೋ ದ್ರವ) ಫ್ರೀಜ್ ಮಾಡ್ರಿ, ವಾಯಲ್ ಮ್ಯಾಲೆ ಪ್ಯಾಸೇಜ್, ತಾರೀಕು, ಡೋನರ್ ಕೋಡ್ ಇಷ್ಟೇ, ಹೆಸರು ಬರೀಬ್ಯಾಡ್ರಿ.