ಬ್ರಿಟನ್ನಿನಲ್ಲಿ ಏಪ್ರಿಲ್ ಬಂದರೆ ಬಿಲ್ ಏರುವುದು ಏಕೆ?

2023ರ ಜುಲೈನಲ್ಲಿ ಭಾರತದ ಚಿಲ್ಲರೆ ಹಣದುಬ್ಬರ ಶೇ 7.44, ಬ್ರಿಟನ್ನಿನದು ಶೇ 6.8. ಅಂಕಿ ಹೆಚ್ಚುಕಡಿಮೆ ಒಂದೇ, ಕಾರಣ ಮಾತ್ರ ಬೇರೆ ಬೇರೆ. ನಮ್ಮಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತು. ಹೊಸ ಬೆಳೆ ಮಂಡಿಗೆ ಬಂತು, ಬೆಲೆ ಇಳಿಯಿತು, ಸೆಪ್ಟೆಂಬರ್ ಹೊತ್ತಿಗೆ ಭಾರತದ ದರ ಶೇ 5.02. ಬ್ರಿಟನ್ ಆಗಲೂ ಶೇ 6.7ರಲ್ಲೇ ಇತ್ತು.

ಸೂಚ್ಯಂಕದ ಬುಟ್ಟಿಯಲ್ಲಿ ಏನು ಎಷ್ಟಿದೆ ಎಂಬುದರಲ್ಲಿ ಇದರ ಗುಟ್ಟಿದೆ. ಭಾರತದ ಆಗಿನ ಸರಣಿಯಲ್ಲಿ ತಿನ್ನುವ, ಕುಡಿಯುವ ಪದಾರ್ಥಗಳ ಪಾಲು ಸುಮಾರು ಶೇ 46. ಬ್ರಿಟನ್ನಿನಲ್ಲಿ ಅದು ಹತ್ತರಲ್ಲೊಂದು ಪಾಲಿನ ಆಸುಪಾಸು. ಮಾರ್ಕೆಟ್ಟಿನ ಬೆಲೆ ಏರುತ್ತದೆ, ಇಳಿಯುತ್ತದೆ. ಬ್ರಾಡ್‌ಬ್ಯಾಂಡ್, ಮೊಬೈಲಿನ ದರ ಏರಿದರೆ ಇಳಿಯುವುದು ಅಪರೂಪ. ತರಕಾರಿ ರೇಟು ನೋಡಿ ತಿಂಗಳ ಲೆಕ್ಕ ಹಾಕುವ ನಮ್ಮ ರೂಢಿ ಬ್ರಿಟನ್ನಿನಲ್ಲಿ ಕೈ ಕೊಡುತ್ತದೆ.

ಅಲ್ಲಿಗೆ ಹೋದ ಹೊಸಬರು ಸಾಲಾಗಿ ಬೀಳುವ ಹಳ್ಳ ಎಂದರೆ ಮೊಬೈಲ್, ಬ್ರಾಡ್‌ಬ್ಯಾಂಡಿನ 24 ತಿಂಗಳ ಒಪ್ಪಂದ. ಹಿಂದೆ ಹಲವು ಕಂಪನಿಗಳು ಪ್ರತಿ ಏಪ್ರಿಲ್‌ನಲ್ಲಿ ಡಿಸೆಂಬರ್ ಹಣದುಬ್ಬರಕ್ಕೆ ಶೇ 3.9 ಸೇರಿಸಿ ದರ ಏರಿಸುತ್ತಿದ್ದವು. 2022ರ ಡಿಸೆಂಬರ್ ದರ ಶೇ 10.5 ಆಗಿದ್ದರಿಂದ ಏರಿಕೆ ಶೇ 14.4ಕ್ಕೆ ಹೋಯಿತು, 30 ಪೌಂಡಿನ ಬಿಲ್ 34.32 ಆಯಿತು. ಹಣದುಬ್ಬರ ಶೇ 4ಕ್ಕೆ ಇಳಿದ ಮೇಲೂ ಮರುವರ್ಷ ಅದೇ ಬಿಲ್ 37 ಪೌಂಡ್ ದಾಟಿತು. 2025ರ ಜನವರಿ 17ರಿಂದ ಹೊಸ ಒಪ್ಪಂದಗಳಲ್ಲಿ ಈ ಸೂತ್ರವನ್ನು ನಿಯಂತ್ರಕ ಸಂಸ್ಥೆ ಆಫ್‌ಕಾಮ್ ನಿಷೇಧಿಸಿದೆ. ಎಷ್ಟು ಏರುತ್ತದೆ, ಯಾವಾಗ ಏರುತ್ತದೆ ಎಂಬುದನ್ನು ಪೌಂಡ್, ಪೆನ್ಸ್‌ನಲ್ಲೇ ಬರೆಯಬೇಕು.

ಸಮಸ್ಯೆ ತೀರಿತು ಎಂದುಕೊಳ್ಳಬೇಡಿ. ಏರಿಕೆ ಈಗ ಎಲ್ಲ ಪ್ಲಾನಿಗೂ ಒಂದೇ ಮೊತ್ತ ಆಗಿರಬಹುದು, ಆಗ ಬಡ ಪ್ಲಾನಿಗೇ ಬರೆ. ಪ್ರತಿ ಏಪ್ರಿಲ್‌ನಲ್ಲಿ ತಿಂಗಳ ಬಿಲ್ಲಿಗೆ ಎರಡೂವರೆ ಪೌಂಡ್ ಏರಿಕೆ ಎಂದಿಟ್ಟುಕೊಳ್ಳಿ: 50 ಪೌಂಡಿನ ಪ್ಲಾನಿಗೆ ಶೇ 5, 10 ಪೌಂಡಿನ ಸಿಮ್‌ಗೆ ಶೇ 25. ತಿಂಗಳೂ ಮುಖ್ಯ. ಆ 10 ಪೌಂಡಿನ ಸಿಮ್ಮನ್ನು ಮಾರ್ಚ್‌ನಲ್ಲಿ ಕೊಂಡರೆ ಒಂದೇ ತಿಂಗಳು ಹಳೆಯ ದರ, ಹನ್ನೆರಡು ತಿಂಗಳು 12.50, ಉಳಿದ ಹನ್ನೊಂದು ತಿಂಗಳು 15. ಒಟ್ಟು 325 ಪೌಂಡ್. ಮೇ ತಿಂಗಳಲ್ಲಿ ಕೊಂಡರೆ 275. ಜಾಹೀರಾತು ನೋಡಿ ನೀವು ಮನಸ್ಸಿನಲ್ಲೇ ಹಾಕಿದ ಲೆಕ್ಕ 240! ಕೆಲವು ಕಂಪನಿಗಳು ಹೊಸ ಗ್ರಾಹಕರಿಗೆ ಮೊದಲ ಏಪ್ರಿಲ್‌ನ ಏರಿಕೆ ಬಿಡುತ್ತವೆ; ಸಹಿಗೆ ಮುಂಚೆ ಕೊಡುವ ಕಾಂಟ್ರ್ಯಾಕ್ಟ್ ಸಮ್ಮರಿಯಲ್ಲಿ ಅದನ್ನು ಹುಡುಕಿ.

ಏರಿಕೆ ಒಪ್ಪಂದದಲ್ಲೇ ಬರೆದಿದ್ದರೆ ಅದನ್ನು ಮುಂದಿಟ್ಟು ದಂಡವಿಲ್ಲದೆ ಹೊರಬರಲಾಗದು. ಬರೆದದ್ದಕ್ಕಿಂತ ಹೆಚ್ಚು ಏರಿಸಿದರೆ ಬರಬಹುದು. ಆನ್‌ಲೈನ್ ಅಥವಾ ಫೋನಿನಲ್ಲಿ ಕೊಂಡಿದ್ದರೆ ರದ್ದುಮಾಡಲು 14 ದಿನ ಇರುತ್ತದೆ, ಅಂಗಡಿಯಲ್ಲಿ ಕೊಂಡಿದ್ದರೆ ಆ ಹಕ್ಕಿಲ್ಲ. ಬಂದ ಹೊಸತರಲ್ಲಿ 30 ದಿನದ ಸಿಮ್ ಸಾಕು. ಆ ಕಂಪನಿ ಬೇಡವೆನಿಸಿದರೆ 65075ಕ್ಕೆ 'ಪಿಎಸಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಮೆಸೇಜ್ ಕಳಿಸಿ. ಬರುವ ಕೋಡ್ 30 ದಿನ ನಡೆಯುತ್ತದೆ, ಅದನ್ನು ಹೊಸ ಕಂಪನಿಗೆ ಕೊಟ್ಟರೆ ನಂಬರ್ ಉಳಿಯುತ್ತದೆ. ಈ ವಿಷಯದಲ್ಲಿ ನಮ್ಮ ಪ್ರೀಪೇಯ್ಡ್ ರೀಚಾರ್ಜೇ ವಾಸಿ: ದರ ಏರಿದರೆ ತಟ್ಟುವುದು ಮುಂದಿನ ರೀಚಾರ್ಜಿಗೆ, ಬೇಡವಾದರೆ ಹಾಕಿಸದಿದ್ದರಾಯಿತು.

ಕರೆಂಟ್, ಗ್ಯಾಸಿನಲ್ಲಿ ಎಡವಿಸುವುದು 'ಪ್ರೈಸ್ ಕ್ಯಾಪ್' (ಬೆಲೆಯ ಮಿತಿ) ಎಂಬ ಹೆಸರು. ಇಂಧನದ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಮೂರು ತಿಂಗಳಿಗೊಮ್ಮೆ ಮಿತಿ ಹಾಕುವುದು ಯೂನಿಟ್ ದರಕ್ಕೂ ದಿನದ ಸ್ಟ್ಯಾಂಡಿಂಗ್ ಚಾರ್ಜ್ ಎಂಬ ನಿಗದಿತ ಶುಲ್ಕಕ್ಕೂ. ನಿಮ್ಮ ಒಟ್ಟು ಬಿಲ್ಲಿಗಲ್ಲ. ಸುದ್ದಿಯಲ್ಲಿ ಬರುವ ವಾರ್ಷಿಕ ಮೊತ್ತ ಮಧ್ಯಮ ಬಳಕೆಯ ಮನೆಯೊಂದರ ಅಂದಾಜು. ಹೀಟರ್ ಹೆಚ್ಚು ಉರಿಸಿದರೆ ಬಿಲ್ ಅದನ್ನು ದಾಟಿಯೇ ದಾಟುತ್ತದೆ. ರಜೆಗೆಂದು ತಿಂಗಳು ಊರಿಗೆ ಹೋಗಿ ಮನೆ ಖಾಲಿಬಿಟ್ಟರೂ ಸ್ಟ್ಯಾಂಡಿಂಗ್ ಚಾರ್ಜ್ ಓಡುತ್ತಲೇ ಇರುತ್ತದೆ. ಬಾಡಿಗೆ ಮನೆಯ ಬೀಗದ ಕೈ ಸಿಕ್ಕ ದಿನವೇ ಎರಡೂ ಮೀಟರಿನ ಫೋಟೊ ತೆಗೆದು ರೀಡಿಂಗ್ ಕಳಿಸಿ, ಇಲ್ಲವಾದರೆ ಹಿಂದಿನವರು ಸುಟ್ಟ ಗ್ಯಾಸಿಗೂ ನೀವೇ ಕಟ್ಟಬೇಕಾದೀತು.