ಅಜ್ಜನ ಟ್ರಂಕು: ರದ್ದಿಗೆ ಹಾಕುವ ಮುನ್ನ, ‘ಜೋಡಿಸುವ’ ಮುನ್ನ

ವೈಕುಂಠ ಸಮಾರಾಧನೆ ಮುಗಿದ ವಾರದಲ್ಲೇ ಮನೆ ಚೊಕ್ಕಟ ಮಾಡುವ ಹುರುಪು ಹುಟ್ಟುತ್ತದೆ. ಅಟ್ಟದ ಟ್ರಂಕು ಕೆಳಗಿಳಿಯುತ್ತದೆ, ಕ್ರಯಪತ್ರ, ಪಾಲುಪಟ್ಟಿಗಳನ್ನು ಯಾರೋ ಎತ್ತಿಟ್ಟುಕೊಳ್ಳುತ್ತಾರೆ, ಮಿಕ್ಕಿದ್ದು ರದ್ದಿಯವನ ತಕ್ಕಡಿಗೆ ಹೋಗುತ್ತದೆ. ಇತಿಹಾಸದಲ್ಲಿ ಆಸಕ್ತಿ ಇರುವವರ ಮನೆಯಲ್ಲಿ ಇನ್ನೊಂದು ಬಗೆಯ ಅನಾಹುತ: ಎಲ್ಲವನ್ನೂ ನೆಲಕ್ಕೆ ಸುರಿದು ಪತ್ರಿಕೆ ಒಂದು ರಾಶಿ, ಕಾಗದ ಒಂದು ರಾಶಿ, ರಸೀದಿ ಒಂದು ರಾಶಿ ಎಂದು ಅರ್ಧ ಗಂಟೆಯಲ್ಲಿ ‘ಜೋಡಿಸಿ’ಬಿಡುತ್ತಾರೆ. ರದ್ದಿಗೆ ಹಾಕಿದವರು ಕಾಗದ ಕಳೆದುಕೊಂಡರೆ, ಇವರು ಕಾಗದ ಉಳಿಸಿಕೊಂಡು ಅದರ ಅರ್ಥ ಕಳೆದುಕೊಂಡಿರುತ್ತಾರೆ.

ಮೊದಲು ಕೈ ಕಟ್ಟಿ ಕೂರಿ

ಇಟ್ಟವರು ಇಟ್ಟ ಕ್ರಮವೇ ಮೊದಲ ದಾಖಲೆ. ತಾರೀಕಿಲ್ಲದ ಪತ್ರಿಕೆಯ ತುಣುಕೊಂದು ಜಮಾ-ಖರ್ಚು ಪುಸ್ತಕದ ಯಾವ ಹಾಳೆಗಳ ನಡುವೆ ಇತ್ತು ಎಂಬುದರಿಂದ ಅದರ ಕಾಲವನ್ನು ಅಂದಾಜು ಮಾಡಬಹುದು. ಹೊರಗೆ ತೆಗೆದಿಟ್ಟರೆ ಆ ಸುಳಿವು ಹೋಯಿತು. ತಂತಿಗೆ ಚುಚ್ಚಿಟ್ಟ ಕಾಗದಗಳಲ್ಲಿ ಸಾಮಾನ್ಯವಾಗಿ ತಳದ್ದು ಹಳೆಯದು, ಮೇಲಿನದು ಹೊಸದು. ಹಾಗಾಗಿ ತಂತಿಯಿಂದ ಕಳಚುವಾಗ ತುದಿಯಿಂದ ಬುಡದವರೆಗೆ ಸಂಖ್ಯೆ ಹಾಕುತ್ತಲೇ ಕಳಚಿ.

ಪ್ರತಿ ಪದರವನ್ನು ಎತ್ತುವ ಮುನ್ನ ಮೊಬೈಲಿನಲ್ಲಿ ಒಂದು ಫೋಟೊ. ಜೊತೆಗೆ ‘ಟ್ರಂಕು 1, ಪದರ 3, ಕಟ್ಟು 2’ ಎಂದು ಪೆನ್ಸಿಲಿನಲ್ಲಿ ಬರೆದ ಚೀಟಿ. ಬಾಲ್‌ಪೆನ್ ಬೇಡ, ಅದರ ಒತ್ತು ಹಾಳೆಯಲ್ಲಿ ಉಳಿಯುತ್ತದೆ. ಟ್ರಂಕಿನ ತಳಕ್ಕೆ ಹಾಸಿದ ಪೇಪರನ್ನು ಕಸ ಎಂದು ಎಳೆದು ಬಿಸಾಡುವವರೇ ಹೆಚ್ಚು. ಅದರ ತಾರೀಕಿಗಿಂತ ಮುಂಚೆ ಆ ಹಾಸು ಹಾಕಿರಲು ಸಾಧ್ಯವೇ ಇಲ್ಲ, ಆದ್ದರಿಂದ ಅದನ್ನೂ ಇಟ್ಟುಕೊಳ್ಳಿ.

ಮಡಿಕೆ ಬಿಡಿಸುವುದು

ಪತ್ರಿಕೆಯ ಕಾಗದ ಮರದ ತಿರುಳಿನದು. ಬೆಳಕು ತಾಗಿದಷ್ಟೂ ಕಂದುತ್ತದೆ, ತನ್ನೊಳಗಿನ ಆಮ್ಲದಿಂದಲೇ ಹಪ್ಪಳದಂತಾಗುತ್ತದೆ. ಮುಗ್ಗಲು ವಾಸನೆ ಹೋಗಲೆಂದು ಹಪ್ಪಳದ ಜೊತೆಗೇ ಬಿಸಿಲಿಗೆ ಹರವುವುದು ನಮ್ಮಲ್ಲಿ ವಾಡಿಕೆ. ಹಾಗೆ ಮಾಡಬಾರದು, ನೆರಳಲ್ಲಿ, ಗಾಳಿಯಾಡುವ ಕೋಣೆಯಲ್ಲಿ ಎರಡು ದಿನ ಇಟ್ಟರೆ ಸಾಕು.

ಮಡಿಕೆ ಬಿಡಿಸುವಾಗ ಮುರಿಯುವ ಸೂಚನೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಹಿಂಡಿದ ಒದ್ದೆ ಬಟ್ಟೆ, ಅದರ ಮೇಲೆ ಎರಡು ಅಂಗುಲ ಎತ್ತರದಲ್ಲಿ ಒಂದು ಜಾಲರಿ, ಜಾಲರಿಯ ಮೇಲೆ ಮಡಿಸಿದ ಪತ್ರಿಕೆ. ನೀರು ಕಾಗದಕ್ಕೆ ತಾಗಬಾರದು, ತೇವದ ಗಾಳಿ ಮಾತ್ರ ತಾಗಬೇಕು. ಮೂರು ನಾಲ್ಕು ಗಂಟೆಯಲ್ಲಿ ಹಾಳೆ ಮೆತ್ತಗಾಗುತ್ತದೆ, ಗಂಟೆಗೊಮ್ಮೆ ನೋಡುತ್ತಿರಿ. ರಾತ್ರಿಯಿಡೀ ಬಿಟ್ಟು ಮಲಗಿದರೆ ಬೂಷ್ಟು ಹಿಡಿಯಬಹುದು, ಮಲೆನಾಡು-ಕರಾವಳಿಯ ಮಳೆಗಾಲದಲ್ಲಂತೂ ಆ ಅಪಾಯ ಹೆಚ್ಚು. ಮೆತ್ತಗಾದ ಹಾಳೆಯನ್ನು ಬಿಡಿಸಿ, ಎರಡು ಬ್ಲಾಟಿಂಗ್ ಪೇಪರ್ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ. ಬ್ಲಾಟಿಂಗ್ ಪೇಪರನ್ನು ಒಂದು ಗಂಟೆ ಕಳೆದ ಮೇಲೆ ಒಮ್ಮೆ, ಮರುದಿನ ಒಮ್ಮೆ ಬದಲಿಸಿ.

ಈ ಉಪಾಯ ಎಲ್ಲಕ್ಕೂ ನಡೆಯದು. ಇಂಕು ಪೆನ್ನಿನ ಬರಹ, ರಬ್ಬರ್ ಮೊಹರು, ತೇವ ತಾಗಿದರೆ ನೇರಳೆ ಬಣ್ಣ ಬಿಡುವ ಕಾಪಿಯಿಂಗ್ ಪೆನ್ಸಿಲಿನ ಅಕ್ಷರ ಇದ್ದರೆ ಹರಡಿಕೊಳ್ಳುತ್ತವೆ. ವಾರಪತ್ರಿಕೆಗಳ ನುಣುಪು ರಕ್ಷಾಪುಟಗಳು ತೇವ ಕುಡಿದರೆ ಒಂದಕ್ಕೊಂದು ಅಂಟಿ ಕಲ್ಲಾಗುತ್ತವೆ.

ಹರಿದದ್ದಕ್ಕೆ ಸೆಲ್ಲೋಟೇಪು ಮುಟ್ಟಿಸಲೇಬೇಡಿ. ಕೆಲವೇ ವರ್ಷದಲ್ಲಿ ಪ್ಲಾಸ್ಟಿಕ್ ಉದುರಿ ಅಂಟು ಮಾತ್ರ ಕಂದು ಪಟ್ಟಿಯಾಗಿ ಉಳಿಯುತ್ತದೆ, ಅದರಡಿಯ ಅಕ್ಷರ ಮತ್ತೆ ಸಿಗುವುದಿಲ್ಲ. ಲ್ಯಾಮಿನೇಷನ್ ಇನ್ನೂ ಕೆಟ್ಟದ್ದು: ಬಿಸಿ ಮಾಡಿ ಅಂಟಿಸಿದ ಮೇಲೆ ಬಿಡಿಸುವ ದಾರಿಯೇ ಇಲ್ಲ, ಒಳಗಿನ ಆಮ್ಲ ಒಳಗೇ ಕೆಲಸ ಮಾಡುತ್ತಿರುತ್ತದೆ. ತುಂಡುಗಳನ್ನು ಅಂಟಿಸದೆ ಒಂದೇ ಲಕೋಟೆಯಲ್ಲಿ ಇಟ್ಟರೂ ಏನೂ ನಷ್ಟವಿಲ್ಲ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನನ್ನು ಎಳೆಯಬೇಡಿ. ಹಿಂದಿನಿಂದ ಅದರ ಕಾಲುಗಳನ್ನು ನೆಟ್ಟಗೆ ಮಾಡಿ, ಆಮೇಲೆ ಮೇಲೆತ್ತಿ.

ತಾರೀಕು ಹಿಡಿಯುವುದು

ಹೆಚ್ಚಿನವರು ಎಡವುವುದು ಇಲ್ಲಿ. ಕತ್ತರಿಸಿಟ್ಟ ಸುದ್ದಿಯಲ್ಲಿ ತಲೆಬರಹ ಇರುತ್ತದೆ, ತಾರೀಕು ಇರುವುದಿಲ್ಲ. ಓದುವ ಮೊದಲು ತುಣುಕನ್ನು ತಿರುಗಿಸಿ. ಬೇಕೆಂದು ಕತ್ತರಿಸಿದ್ದು ಒಂದು ಮಗ್ಗುಲಾದರೆ, ಕಾಲ ಹೇಳುವುದು ಬೇಡವಾದ ಇನ್ನೊಂದು ಮಗ್ಗುಲು: ಸಿನಿಮಾ ಜಾಹೀರಾತು, ಪೇಟೆ ಧಾರಣೆ, ಟೆಂಡರ್ ಪ್ರಕಟಣೆ.

ಹಿಂದುಗಡೆ ‘ಗುರುವಾರ, ನವೆಂಬರ್ 1’ ಎಂದಷ್ಟೇ ಇದೆ ಎನ್ನೋಣ. ವಾರ ಮತ್ತು ತಾರೀಕು ಹೀಗೆ ಜೊತೆಯಾಗುವುದು ಸಾಮಾನ್ಯವಾಗಿ 5, 6 ಅಥವಾ 11 ವರ್ಷಕ್ಕೊಮ್ಮೆ. 1945ರಿಂದ 1973ರವರೆಗೆ ಲೆಕ್ಕ ಹಾಕಿದರೆ 1945, 1951, 1956, 1962, 1973 ಸಿಗುತ್ತವೆ. (1956ರಲ್ಲಿ ರಾಜ್ಯ ಒಂದಾದ ದಿನ, 1973ರಲ್ಲಿ ‘ಮೈಸೂರು’ ಹೋಗಿ ಅದಕ್ಕೆ ಕರ್ನಾಟಕ ಎಂದು ಹೆಸರಿಟ್ಟ ದಿನ, ಎರಡೂ ಗುರುವಾರವೇ.) ಇನ್ನು ಬೆಲೆ ನೋಡಿ. ಅಚ್ಚಾದ ಬೆಲೆ ಆಣೆಯಲ್ಲಿದ್ದರೆ ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್‌ಗಿಂತ ಹಿಂದಿನದು, ‘ನ.ಪೈ.’ (ನಯಾ ಪೈಸೆ) ಇದ್ದರೆ 1962. ಬರೀ ಪೈಸೆ ಇದ್ದರೆ 1973, ಏಕೆಂದರೆ ‘ನಯಾ’ ಎಂಬುದನ್ನು 1964ರಲ್ಲಿ ಕೈಬಿಟ್ಟರು. ವಿಳಾಸದಲ್ಲಿ ಪಿನ್‌ಕೋಡ್ ಕಂಡರೆ 1972ರ ಆಗಸ್ಟ್‌ಗಿಂತ ಈಚಿನದು. ‘ಮೈಸೂರು ರಾಜ್ಯ’ ಎಂಬ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ಹಳೆಯ ಲೆಟರ್‌ಹೆಡ್ ಮುಗಿಯುವ ತನಕ ಬಳಸುವ ಜನ ನಾವು.

ಕೈಬರಹದ ಲೆಕ್ಕಕ್ಕೆ ಈ ನಿಯಮ ಸಲ್ಲದು. ನಾಲ್ಕಾಣೆ, ಎಂಟಾಣೆ ಎಂಬ ಮಾತು ನಾಣ್ಯ ಬದಲಾದ ಮೇಲೂ ಬಹಳ ಕಾಲ ಉಳಿಯಿತು. ಅಲ್ಲಿ ಕಾಲಂ ಎಣಿಸಿ: ರೂಪಾಯಿ, ಆಣೆ, ಪೈ ಎಂದು ಮೂರಿದ್ದರೆ ಹಳೆಯ ಪದ್ಧತಿ. ಅಂಚಿನಲ್ಲಿ ‘2-8-0’ ಎಂದು ಬರೆದಿದ್ದನ್ನು ತಾರೀಕು ಎಂದುಕೊಂಡು ತಲೆ ಕೆಡಿಸಿಕೊಳ್ಳುವವರಿದ್ದಾರೆ. ಅದು ಎರಡೂವರೆ ರೂಪಾಯಿ.

ಸುದ್ದಿಯ ಮೊದಲ ಸಾಲಿನ ‘ಬೆಂಗಳೂರು, ಅ. 31’ ಪತ್ರಿಕೆಯ ತಾರೀಕಲ್ಲ, ಸುದ್ದಿ ಹೊರಟ ತಾರೀಕು. ಪತ್ರಿಕೆ ಮರುದಿನದ್ದೋ ಅದರಾಚೆಯದ್ದೋ ಆಗಿರುತ್ತದೆ. ಅಲ್ಲದೆ ‘ಅ.’ ಅಕ್ಟೋಬರ್, ‘ಆ.’ ಆಗಸ್ಟ್. ಮಸುಕಾದ ಅಚ್ಚಿನಲ್ಲಿ ಆ ಒಂದು ಕೊಂಬು ಅಳಿಸಿದರೆ ಎರಡು ತಿಂಗಳು ಜಾರಿಹೋಗುತ್ತದೆ. ಭೂತಗನ್ನಡಿ ಹಿಡಿಯಿರಿ.

ಕಾಗದ-ಪತ್ರಗಳ ನೆತ್ತಿಯಲ್ಲಿ ‘ದುರ್ಮುಖಿ ಸಂ॥ ಕಾರ್ತಿಕ ಶು॥ ೫’ ಎಂದಿದ್ದರೆ ಸಂವತ್ಸರಕ್ಕೆ 60 ವರ್ಷದ ಚಕ್ರ ಎಂಬುದು ನೆನಪಿರಲಿ: 1896-97, 1956-57, 2016-17 ಮೂರೂ ದುರ್ಮುಖಿಯೇ. ಅಂಚೆಚೀಟಿಯಲ್ಲಿ ವಿಕ್ಟೋರಿಯಾ ರಾಣಿಯ ತಲೆ ಇದೆಯೋ ಸ್ವತಂತ್ರ ಭಾರತದ ಚಿತ್ರ ಇದೆಯೋ ನೋಡಿದರೆ ಬಗೆಹರಿಯುತ್ತದೆ. ಶಕ ವರ್ಷಕ್ಕೆ 78 ಕೂಡಿಸಿ. ಜನವರಿಯಿಂದ ಯುಗಾದಿಯವರೆಗೆ 79. ಕಲಬುರಗಿ, ಬೀದರ್, ರಾಯಚೂರು ಕಡೆಯ ನಿಜಾಮರ ಕಾಲದ ಪತ್ರದಲ್ಲಿ ಫಸಲಿ (ಕಂದಾಯದ ಲೆಕ್ಕದ ವರ್ಷ) ಇದ್ದರೆ 590 ಕೂಡಿಸಿ: ಫಸಲಿ 1357 ಎಂದರೆ 1947ರಲ್ಲಿ ಶುರುವಾದ ವರ್ಷ. ಆ ಕಡೆಯ ಪತ್ರ ಉರ್ದುವಿನಲ್ಲಿ, ಬೆಳಗಾವಿ-ಧಾರವಾಡದ್ದು ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿ, ಕರಾವಳಿಯ ಓಲೆಗರಿ ತಿಗಳಾರಿ ಲಿಪಿಯಲ್ಲಿ ಇರಬಹುದು. ಓದಲು ಬಾರದು ಎಂದ ಮಾತ್ರಕ್ಕೆ ಮಂತ್ರದ ಕಾಗದ ಎಂದು ಹೊಳೆಗೆ ಬಿಡಬೇಡಿ.

ಯಾಕೆ ಇಟ್ಟರು?

ತಾರೀಕು ಸಿಕ್ಕ ಮೇಲೆ ಅದೇ ದಿನಗಳ ಜಮಾ-ಖರ್ಚು, ಮನಿ ಆರ್ಡರ್ ಕೂಪನ್, ಟೆಲಿಗ್ರಾಂ ಪಕ್ಕದಲ್ಲಿಟ್ಟು ಓದಿ. 1938ರ ಏಪ್ರಿಲ್ ಕೊನೆಯಲ್ಲಿ ಗೌರಿಬಿದನೂರು ಬಳಿಯ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದವರ ಮೇಲೆ ನಡೆದ ಗೋಲಿಬಾರಿನ ಸುದ್ದಿ ಸಿಕ್ಕಿತು ಎನ್ನಿ. ಆ ವಾರ ಗೌರಿಬಿದನೂರಿಗೆ ಬಸ್ ಚಾರ್ಜು ಬರೆದಿದ್ದರೆ ಕೇಳಬೇಕಾದ ಪ್ರಶ್ನೆ ಹುಟ್ಟಿತು. ಹೋಗಿದ್ದರು ಎಂದು ಅಷ್ಟಕ್ಕೇ ತೀರ್ಮಾನಿಸಬೇಡಿ, ಮದುವೆಗೂ ಹೋಗಿರಬಹುದು. ಅದೇ ತಿಂಗಳ ಲಗ್ನಪತ್ರಿಕೆ ಇದೆಯೇ ಎಂದು ಹುಡುಕಿ. 1975ರ ಜೂನ್ ನಂತರದ ಪತ್ರಿಕೆಗಳನ್ನು ಓದುವಾಗ ತುರ್ತುಪರಿಸ್ಥಿತಿಯ ಸೆನ್ಸಾರ್ ಇತ್ತೆಂಬುದನ್ನು ಮರೆಯಬೇಡಿ. ಅವುಗಳ ನಡುವೆ ಮುದ್ರಕರ ಹೆಸರಿಲ್ಲದ ಸೈಕ್ಲೋಸ್ಟೈಲ್ (ಮೇಣದ ಹಾಳೆಯಲ್ಲಿ ಕೊರೆದು ಪ್ರತಿ ತೆಗೆದ) ಹಾಳೆ ಸಿಕ್ಕರೆ ಅದು ಗುಟ್ಟಾಗಿ ಹಂಚಿದ್ದಿರಬಹುದು, ಪತ್ರಿಕೆಗಿಂತ ಅಪರೂಪದ್ದು.

ಉಳಿದದ್ದು

ಫೋಟೊ ತೆಗೆಯುವಾಗ ಕಿಟಕಿ ಬೆಳಕು, ಫ್ಲ್ಯಾಶ್ ಬೇಡ, ಹಿಂಬದಿಯ ಅಚ್ಚು ಮೂಡದಂತೆ ಅಡಿಯಲ್ಲಿ ಕಪ್ಪು ಹಾಳೆ. ಸ್ಕ್ಯಾನರ್ ಇದ್ದರೆ 300 ಡಿಪಿಐಗಿಂತ ಕಡಿಮೆ ಬೇಡ. ಕಡತದ ಹೆಸರಲ್ಲಿ ಇಸವಿ ಮೊದಲು ಬರಲಿ.

ಅಂಗಡಿಯ ಅಗ್ಗದ ಪಿವಿಸಿ ಫೈಲುಗಳು ಅಕ್ಷರವನ್ನೇ ಎತ್ತಿಕೊಳ್ಳುತ್ತವೆ, ಬಳಸಬೇಡಿ. ಆಮ್ಲರಹಿತ ಕಾಗದದ ಲಕೋಟೆ, ಗಟ್ಟಿ ರಟ್ಟಿನ ಪೆಟ್ಟಿಗೆ, ನೆಲದಿಂದ ಒಂದು ಅಡಿ ಮೇಲೆ, ಗೋಡೆಗೆ ತಾಗದಂತೆ. ಅಡಿಗೆಮನೆಯ ಅಟ್ಟ ಬೇಡ. ನ್ಯಾಫ್ತಲಿನ್ ಗುಳಿಗೆ ವಾಸನೆ ಕೊಡುತ್ತದೆಯೇ ಹೊರತು ಗೆದ್ದಲು ತಡೆಯುವುದಿಲ್ಲ. ಆರು ತಿಂಗಳಿಗೊಮ್ಮೆ ತೆರೆದು ನೋಡುವುದೇ ಮದ್ದು.

ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ತೋರಿಸಬೇಕೆನಿಸಿದರೆ ಮೊದಲು ಪಟ್ಟಿ ಮತ್ತು ಫೋಟೊ ಕಳಿಸಿ. ಮೂಲವನ್ನು ಕೊಡುವುದಾದರೆ ಸಹಿ, ಮೊಹರಿನ ಸ್ವೀಕೃತಿ ಪಡೆದೇ ಕೊಡಿ. ‘ಓದಿ ವಾಪಸ್ ಕೊಡ್ತೀನಿ’ ಎನ್ನುವ ನೆಂಟರಿಗೆ ಜೆರಾಕ್ಸ್ ಸಾಕು.