ಸಾತ್‌ಬಾರಾ ಇಲ್ಲದವನ ಜೇನುಪೆಟ್ಟಿಗೆ

ಪುಣೆಯಲ್ಲಿದ್ದುಕೊಂಡು ಜೇನು ಸಾಕುತ್ತೇನೆ ಅಂದ ಕೂಡಲೇ ಇಲ್ಲಿಯ ಕನ್ನಡದ ಗೆಳೆಯರು ಕೇಳುವುದು ಒಂದೇ: "ಸಬ್ಸಿಡಿ ಎಷ್ಟು ಪರ್ಸೆಂಟ್ ಸಿಕ್ತು ಮಾರಾಯಾ?" ಪರ್ಸೆಂಟಿನ ಮಾತು ಕಡೆಗಿರಲಿ ಅನ್ನುತ್ತೇನೆ ನಾನು. ಮೊದಲು ನಿಮ್ಮ ಹೆಸರಿನಲ್ಲಿ ಏನೇನು ಕಾಗದ ಇದೆ ಎಂದು ಹರಡಿಕೊಂಡು ಕೂತುಕೊಳ್ಳಿ. ಜಮೀನು ಇದೆಯಾ, ಇದ್ದರೆ ಯಾವ ರಾಜ್ಯದಲ್ಲಿ, ಘಟಕ ನಗರದಲ್ಲೋ ಹಳ್ಳಿಯಲ್ಲೋ, ಮನೆಯವರು ಯಾರಾದರೂ ಹಿಂದೆ ಸರ್ಕಾರದ ಸಹಾಯಧನ ತೆಗೆದುಕೊಂಡಿದ್ದಾರಾ. ನಿಮಗೆ ಯಾವ ಯೋಜನೆ ಎಂಬುದನ್ನು ಆ ಕಾಗದಗಳೇ ಹೇಳಿಬಿಡುತ್ತವೆ.

ನನ್ನ ವಿಷಯಕ್ಕೆ ಬಂದರೆ, ಶಿರಸಿ ಕಡೆಯ ತೋಟ ಅಪ್ಪನ ಹೆಸರಿನಲ್ಲಿದೆ. ಪಹಣಿಯೂ ಅವರದೇ. ನಾನಿರುವುದು ಪುಣೆಯ ಕೋಥರೂಡಿನ ಫ್ಲ್ಯಾಟಿನಲ್ಲಿ. ಪೆಟ್ಟಿಗೆಗಳು ಭೋರ್ ತಾಲ್ಲೂಕಿನಲ್ಲಿ, ಗೆಳೆಯನ ಜಮೀನಿನ ಬದುವಿನ ಮೇಲೆ. ಮಹಾರಾಷ್ಟ್ರದಲ್ಲಿ ರೈತರ ಯೋಜನೆಗಳು ಹೆಚ್ಚಾಗಿ ಮಹಾಡಿಬಿಟಿ ಎಂಬ ಸರ್ಕಾರಿ ಪೋರ್ಟಲಿನ ಮೂಲಕ ಹೋಗುತ್ತವೆ. ಅಲ್ಲಿ ಮೂಲ ಆಧಾರವೇ ಸಾತ್‌ಬಾರಾ ಉತಾರಾ, ಅಂದರೆ ಮಹಾರಾಷ್ಟ್ರದ ಪಹಣಿ. ತೋಟಗಾರಿಕೆ ಮಿಷನ್ನಿನ ಜೇನುಪೆಟ್ಟಿಗೆ ಸಹಾಯಧನ ಬೇಕೆಂದರೆ ಆ ಬಾಗಿಲಿನಿಂದಲೇ ಹೋಗಬೇಕು. 2014ರ ಮಾರ್ಗಸೂಚಿಯಲ್ಲಿ ಎಂಟು ಫ್ರೇಮಿನ, ಅಂದರೆ ಎಂಟು ಎರಿಚೌಕಟ್ಟಿನ, ಒಂದು ಜೇನುಕುಟುಂಬಕ್ಕೆ 2,000 ರೂಪಾಯಿ, ಪೆಟ್ಟಿಗೆಗೆ ಇನ್ನು 2,000 ರೂಪಾಯಿ ಎಂದು ವೆಚ್ಚ ಹಿಡಿದು, ಅದರ ಶೇಕಡಾ 40ರಷ್ಟು ಕೊಡುತ್ತಿದ್ದರು. ಒಬ್ಬ ಫಲಾನುಭವಿಗೆ ಹೆಚ್ಚೆಂದರೆ 50 ಕುಟುಂಬ. 2025ರಲ್ಲಿ ಮಾರ್ಗಸೂಚಿ ಪರಿಷ್ಕರಣೆಯಾಗಿದೆ, ಹಳೆಯ ಅಂಕಿ ನೆಚ್ಚಿಕೊಂಡು ಲೆಕ್ಕ ಹಾಕಬೇಡಿ. ನನಗಂತೂ ಸಾತ್‌ಬಾರಾವೇ ಇಲ್ಲ. ಶಿರಸಿಯ ಪಹಣಿ ತೋರಿಸಿ ಇಲ್ಲಿಯ ಸಹಾಯಧನ ಕೇಳುವ ಹಾಗಿಲ್ಲ. ಆ ದಾರಿ ಅಲ್ಲಿಗೆ ಮುಗಿಯಿತು.

ಜಮೀನಿಲ್ಲದವರಿಗೆ ಇರುವ ನಿಜವಾದ ದಾರಿ ಮಹಾರಾಷ್ಟ್ರ ರಾಜ್ಯ ಖಾದಿ ಮತ್ತು ಗ್ರಾಮೋದ್ಯೋಗ ಮಂಡಳಿಯ ಮಧ ಕೇಂದ್ರ (ಮಧ ಎಂದರೆ ಮರಾಠಿಯಲ್ಲಿ ಜೇನು) ಯೋಜನೆ. ಅದರಲ್ಲಿ ಮೂರು ವರ್ಗ. ವೈಯಕ್ತಿಕ ಜೇನು ಸಾಕಣೆಗಾರ: ಓದು ಬರಹ ಬಂದರೆ ಸಾಕು, 18 ದಾಟಿರಬೇಕು, ಸ್ವಂತ ಹೊಲ ಇದ್ದವರಿಗೆ ಆದ್ಯತೆ ಅಷ್ಟೇ, ಹೊಲ ಇರಲೇಬೇಕೆಂದಿಲ್ಲ. ಎರಡನೆಯದು ಕೇಂದ್ರ ಚಾಲಕ: 10ನೇ ತರಗತಿ ಪಾಸು, 21 ದಾಟಿದ ವಯಸ್ಸು, ತನ್ನದೋ ಬಾಡಿಗೆಯದೋ ಒಂದು ಎಕರೆ ಜಮೀನು. ಮೂರನೆಯದು ನೋಂದಾಯಿತ ಸಂಸ್ಥೆ. ಅದಕ್ಕೆ ಕಟ್ಟಡವೂ ಬೇಕು. ಮೂರಕ್ಕೂ ಅರ್ಧ ಸಹಾಯಧನ, ಅರ್ಧ ನಮ್ಮ ಕೈಯಿಂದ. ಬ್ಯಾಂಕಿನ ಖಾತೆಗೆ ದುಡ್ಡು ಬಂದು ಬೀಳುತ್ತದೆ ಎಂದುಕೊಂಡವರು ಬಹಳ. ಹಾಗಲ್ಲ. ಬರುವುದು ಪೆಟ್ಟಿಗೆ, ಜೇನುಕುಟುಂಬ, ಸಾಮಾನು. ನಾನು ಮೊದಲ ವರ್ಗದಲ್ಲಿ ಅರ್ಜಿ ಹಾಕಿದೆ. ಗೆಳೆಯನ ಜೊತೆ ಜಾಗದ ಬಗ್ಗೆ ಸ್ಟ್ಯಾಂಪ್ ಪೇಪರಿನಲ್ಲಿ ಒಂದು ಒಪ್ಪಂದ ಬರೆಸಿಟ್ಟುಕೊಂಡೆ, ನಿಯಮದಲ್ಲಿ ಕೇಳದಿದ್ದರೂ "ಪೆಟ್ಟಿಗೆ ಎಲ್ಲಿ ಇಡ್ತೀರಿ ಭಾವೂ?" ಎಂಬ ಪ್ರಶ್ನೆ ಮೇಜಿನಾಚೆಯಿಂದ ಬಂದೇ ಬರುತ್ತದೆ.

ಆಯ್ಕೆಯಾದ ಮೇಲೆ ತರಬೇತಿಗೆ ಮುಂಚೆ ಬಂಧಪತ್ರ ಬರೆದುಕೊಡಬೇಕು, ಈ ಉದ್ಯೋಗ ಶುರುಮಾಡುತ್ತೇನೆ ಎಂದು. ಆಮೇಲೆ ಮಂಡಳಿ ಹೇಳಿದ ಜಾಗದಲ್ಲಿ ತರಬೇತಿ. ವೈಯಕ್ತಿಕ ವರ್ಗಕ್ಕೆ 10 ದಿನ. ಮಂಡಳಿಯ ಮಧ ಸಂಚಾಲನಾಲಯ ಇರುವುದು ಮಹಾಬಳೇಶ್ವರದಲ್ಲಿ. ಅಲ್ಲಿಗೆ ಹೋದವರು ಮಾಂಘರ್ ನೋಡದೆ ಬರಬಾರದು, 2022ರಲ್ಲಿ ದೇಶದ ಮೊದಲ ಜೇನಿನ ಹಳ್ಳಿ ಎಂದು ಸಾರಿದ ಊರು. ಪುಣೆಯವರಿಗೆ ಇನ್ನೊಂದು ಅನುಕೂಲ ಉಂಟು. ಗಣೇಶಖಿಂಡ್ ರಸ್ತೆಯಲ್ಲೇ ಕೇಂದ್ರ ಖಾದಿ ಆಯೋಗದ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ, 1962ರಿಂದ. ಊರಿನಲ್ಲಿ ತುಡುವೆ ಜೇನು ಸಾಕಿ ಬೆಳೆದವನಿಗೆ ಇನ್ನೆಂಥ ತರಬೇತಿ ಎಂದು ನನಗೂ ಅನಿಸಿತ್ತು; ಆದರೆ ಅರ್ಜಿ ಓದುವವರು ಪ್ರಮಾಣಪತ್ರ ನೋಡುತ್ತಾರೆಯೇ ಹೊರತು ಕೈಯ ಮೇಲಿನ ಚುಚ್ಚಿನ ಕಲೆಯನ್ನಲ್ಲ. ಹೋದದ್ದಕ್ಕೆ ಲಾಭವೂ ಆಯಿತು: ಈ ಘಟ್ಟದ ಹೂಗಳ ಕ್ಯಾಲೆಂಡರ್ ಅಲ್ಲೇ ಸಿಕ್ಕಿತು. ನೇರಳೆ, ಅಳಲೆ, ಏಳೆಂಟು ವರ್ಷಕ್ಕೊಮ್ಮೆ ಅರಳುವ ಕಾರ್ವಿ.

ಬಾಟಲಿ ತುಂಬುವ ಘಟಕದ ಕತೆ ಬೇರೆ. ಅದಕ್ಕೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಹೆಂಡತಿಯ ಹೆಸರಿನಲ್ಲಿ ಅರ್ಜಿ ಹಾಕಿದೆವು. ಕಾರಣ ಸರಳ: ಸಾಮಾನ್ಯ ವರ್ಗದವನಾದ ನಾನು ಪುಣೆ ನಗರದಲ್ಲಿ ಮಾಡಿದರೆ ಶೇಕಡಾ 15, ಅವಳು ಹಳ್ಳಿಯಲ್ಲಿ ಮಾಡಿದರೆ ಶೇಕಡಾ 35. ನಾವು ಹಾಕಬೇಕಾದ ಪಾಲೂ ಹತ್ತರ ಬದಲು ಐದು ಪರ್ಸೆಂಟಿಗೆ ಇಳಿಯುತ್ತದೆ. ಆದರೆ ಒಂದು ಕುಟುಂಬಕ್ಕೆ ಒಬ್ಬರೇ. ಗಂಡ ಹೆಂಡತಿ ಇಬ್ಬರೂ ಕೇಳುವಂತಿಲ್ಲ. ಈಗಾಗಲೇ ನಡೆಯುತ್ತಿರುವ ಘಟಕಕ್ಕೂ, ಬೇರೆ ಸಹಾಯಧನ ಪಡೆದ ಘಟಕಕ್ಕೂ ಇಲ್ಲ. ಹಾಗಾಗಿ ಅವಳದು ಜೇನು ಸೋಸಿ ತುಂಬುವ ಹೊಸ ಘಟಕ. ಮಂಡಳಿಯಿಂದ ಬಂದ ಪೆಟ್ಟಿಗೆಗಳು ಅದರ ಲೆಕ್ಕದೊಳಗೆ ಇಲ್ಲವೇ ಇಲ್ಲ. ಜಮೀನಿನ ಬೆಲೆಯನ್ನು ಯೋಜನಾ ವರದಿಯಲ್ಲಿ ಸೇರಿಸಲು ಬಿಡುವುದಿಲ್ಲ. ಸಹಾಯಧನದ ಮೊತ್ತವೂ ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂತಿರುತ್ತದೆ, ಆಮೇಲೆ ಸಾಲಕ್ಕೆ ಜಮೆ. ಅಷ್ಟು ದಿನ ಕಂತು ಕಟ್ಟುವ ತಾಕತ್ತು ಇದೆಯಾ ಎಂದು ಮನೆಯಲ್ಲೇ ಕೂತು ಜಗಳವಾಡಿ ತೀರ್ಮಾನಿಸಿಕೊಳ್ಳಿ.

ಇನ್ನು ಬೆಳೆಗಳ ಪರಾಗಸ್ಪರ್ಶಕ್ಕೆಂದು ಹೊಲದಲ್ಲಿ ಜೇನುಪೆಟ್ಟಿಗೆ ಇಡುವ ಯೋಜನೆ. ಪುರಂದರ ತಾಲ್ಲೂಕಿನ ಒಂದು ರೈತರ ಗುಂಪು ತಮ್ಮ ಪ್ರಸ್ತಾವ ನೋಡಿಕೊಡಿ ಎಂದು ಕೇಳಿತು. ಕರಡಿನ ತುಂಬ ಅಂಜೂರ ಮತ್ತು ಸೀತಾಫಲ. ಪುರಂದರ ಎಂದರೆ ಅವೆರಡೇ, ನಿಜ. ಆದರೆ ಪುಣೆಯ ಅಂಜೂರಕ್ಕೆ ಹಣ್ಣು ಕಟ್ಟಲು ಪರಾಗವೇ ಬೇಡ. ಸೀತಾಫಲದ ಹೂವಿನೊಳಗೆ ಹೋಗಿ ಕೆಲಸ ಮಾಡುವುದು ಸಣ್ಣ ದುಂಬಿ (ಬೀಟಲ್), ಜೇನ್ನೊಣ ಅದರ ತಂಟೆಗೂ ಹೋಗುವುದಿಲ್ಲ. ಜೇನುಪೆಟ್ಟಿಗೆಯಿಂದ ಸೀತಾಫಲದ ಇಳುವರಿ ಹೆಚ್ಚುತ್ತದೆ ಎಂದು ಬರೆದುಕೊಟ್ಟರೆ ವಿಷಯ ಬಲ್ಲವರು ಮೊದಲ ಪುಟದಲ್ಲೇ ಕಡತ ಮುಚ್ಚುತ್ತಾರೆ. ಅವೆರಡನ್ನೂ ತೆಗೆಸಿ, ಗುಂಪಿನವರೇ ಬೆಳೆಯುತ್ತಿದ್ದ ದಾಳಿಂಬೆ, ಬೀಜಕ್ಕೆ ಬಿಟ್ಟ ಈರುಳ್ಳಿ, ಕೊತ್ತಂಬರಿ, ಸೌತೆ ಇವನ್ನು ಮುಂದೆ ತಂದೆವು. ಈರುಳ್ಳಿ ಹೂವಿನಲ್ಲಿ ಗಂಡುಭಾಗ ಮೊದಲು ಪಕ್ವವಾಗುತ್ತದೆ, ಹೆಣ್ಣುಭಾಗ ಆಮೇಲೆ; ನೊಣ ಓಡಾಡದಿದ್ದರೆ ಬೀಜ ಜೊಳ್ಳು. ಅದಕ್ಕಿಂತ ಗಟ್ಟಿಯಾದ ಕಾರಣ ಪ್ರಸ್ತಾವಕ್ಕೆ ಬೇಕಿಲ್ಲ. ಯಾವ ಬೆಳೆ ಯಾವ ತಿಂಗಳು ಹೂ ಬಿಡುತ್ತದೆ, ಅಷ್ಟರಲ್ಲಿ ಎಷ್ಟು ಪೆಟ್ಟಿಗೆ ಎಲ್ಲಿರುತ್ತವೆ ಎಂದು ನಕ್ಷೆಯ ಮೇಲೆ ಗುರುತು ಹಾಕಿದೆವು. ಸಾತೇರಿ, ಅಂದರೆ ನಮ್ಮ ತುಡುವೆ, ಗೂಡಿನಿಂದ ಒಂದು ಕಿಲೋಮೀಟರ್ ಒಳಗೇ ಹೆಚ್ಚಾಗಿ ಮೇಯುತ್ತದೆ. ಮೆಲ್ಲಿಫೆರಾ ಎಂಬ ವಿದೇಶಿ ಜೇನು ಇನ್ನೂ ದೂರ ಹೋಗುತ್ತದೆ. ಜೊತೆಗೆ ಸುತ್ತಲಿನ ರೈತರಿಂದ ಒಂದು ಪತ್ರ: ಹೂವಿನ ಕಾಲದಲ್ಲಿ ಔಷಧ ಹೊಡೆಯುವುದಿದ್ದರೆ ಮೊದಲೇ ತಿಳಿಸುತ್ತೇವೆ, ಸಂಜೆ ನೊಣ ಗೂಡು ಸೇರಿದ ಮೇಲೆಯೇ ಹೊಡೆಯುತ್ತೇವೆ ಎಂದು. ಅರ್ಜಿ ನಮೂನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆದರೂ ಲಗತ್ತಿಸಿದೆವು.

ರಾಷ್ಟ್ರೀಯ ಜೇನು ಮಿಷನ್ನಿನ ಹೆಸರು ಕೇಳಿ, 500 ಕೋಟಿ ಎಂಬ ಸುದ್ದಿ ಓದಿ ಒಬ್ಬೊಬ್ಬರೇ ಓಡಿಹೋಗಬೇಡಿ. ಅದರ ದೊಡ್ಡ ಭಾಗಗಳು, ಪರೀಕ್ಷಾ ಪ್ರಯೋಗಾಲಯ, ಸಂಸ್ಕರಣಾ ಘಟಕ, ಸಂಗ್ರಹ ಕೇಂದ್ರ, ಎಲ್ಲ ಸಂಘ, ರೈತ ಉತ್ಪಾದಕ ಕಂಪನಿ, ವಿಶ್ವವಿದ್ಯಾಲಯ ಇಂಥವರನ್ನು ನೋಡಿ ಮಾಡಿದವು. ಹತ್ತು ಪೆಟ್ಟಿಗೆಯವನಿಗೆ ಅದರಲ್ಲಿ ಆಗುವ ಉಪಯೋಗ ಜೇನು ಸಾಕಣೆಗಾರರ ಹೆಸರು ದಾಖಲಿಸುವ ಮಧುಕ್ರಾಂತಿ ಪೋರ್ಟಲಿನ ನೋಂದಣಿ. ಅದನ್ನು ಮಾತ್ರ ಮಾಡಿಸಿಕೊಳ್ಳಿ.

ಎಲ್ಲ ಕಡೆಗೂ ಒಪ್ಪುವ ಮಾತೊಂದಿದೆ: ಮಂಜೂರಾತಿ ಕೈಗೆ ಬರುವ ಮುನ್ನ ಏನನ್ನೂ ಕೊಳ್ಳಬೇಡಿ. ಹಿಂದಿನ ತಾರೀಖಿನ ಬಿಲ್ಲು ಸಹಾಯಧನಕ್ಕೆ ಬರುವುದಿಲ್ಲ. ತಪಾಸಣೆಗೆ ಬರುವವರು ಪೆಟ್ಟಿಗೆ ಎಣಿಸುತ್ತಾರೆ, ನಂಬರು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಪ್ರತಿ ಪೆಟ್ಟಿಗೆಯ ಸಂಸಾರ ಕೋಣೆಯ (ಮರಿಗಳಿರುವ ಕೆಳಗಿನ ಭಾಗದ) ಮೇಲೂ ಪೇಂಟಿನಲ್ಲಿ ನಂಬರು ಬರೆದಿಡಿ. ಮಳೆಗಾಲದಲ್ಲಿ ಬಂದರೆ ಜೇನುಕುಟುಂಬಗಳು ಬಡವಾಗಿರುತ್ತವೆ, ಸಕ್ಕರೆ ಪಾಕ ಕುಡಿದು ದಿನ ದೂಡುತ್ತಿರುತ್ತವೆ. ಅದನ್ನು ಕೂತು ವಿವರಿಸಿ ಹೇಳಬೇಕು. ಪೆಟ್ಟಿಗೆಗಳನ್ನು ಹೂವಿನ ಹಿಂದೆ ಬೇರೆ ತಾಲ್ಲೂಕಿಗೆ ಒಯ್ಯುವುದಿದ್ದರೆ, ಲಾರಿಗೆ ಏರಿಸುವ ಮುಂಚೆ ಕಚೇರಿಗೆ ಒಂದು ಪತ್ರ ಕೊಟ್ಟು, ನಕಲಿನ ಮೇಲೆ ಪೋಚ್ ಸೀಲು, ಅಂದರೆ ಪತ್ರ ತಲುಪಿದೆ ಎಂಬ ಸೀಲು, ಹಾಕಿಸಿಕೊಂಡು ಬನ್ನಿ.